ಗೂಡಿಗೆ ದಾರಿ ಬಿಡದ ಬ್ಯಾರಿಕೇಡ್ ಅವರಿಗೆ

ಮೇ ಹನ್ನೆರಡು, ಬುಧವಾರ
ತಮ್ಮಿಂದ ಇಪ್ಪತ್ತು ಹೆಜ್ಜೆ ಈಚೆಯಿಂದ

ನಮ್ಮೂರ ದಾರಿಗೆ ಅಡ್ಡಲಾಗಿ ದಯಮಾಡಿಸಿರುವ ಸನ್ಮಾನ್ಯ ಬ್ಯಾರಿಕೇಡ್ ಅವರ ಸನ್ನಿಧಾನಕ್ಕೆ, ಅಕ್ಕೂರು ಪಕ್ಕದ ಊರಿನಲ್ಲಿ ರೇಷ್ಮೆ ಹುಳು ಸಾಕಿಕೊಂಡಿರುವ ಗಂಗಹನುಮಯ್ಯನು ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು, ಕೈ ತೊಳೆದುಕೊಂಡು, ದೂರದಿಂದಲೇ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯಬೇಕೆಂದು ನನಗೇನೂ ಆಸೆಯಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ಕಿವಿ ಹಿಂಡಿದರೆಂದು ಸ್ಲೇಟನ್ನು ಅಲ್ಲೇ ಇಟ್ಟು ಎದ್ದು ಬಂದವನು ನಾನು. ಆಮೇಲೆ ಎಪ್ಪತ್ತೊಂದು ವರ್ಷ ತುಂಬುವವರೆಗೆ ರುಜು ಹಾಕುವುದೊಂದು ಬಿಟ್ಟು ಬೇರೇನೂ ಬರೆಯದೆ ಆರಾಮಾಗಿದ್ದೆ. ಹೇಳುವುದಿದ್ದರೆ ಬಾಯಲ್ಲಿ ಹೇಳುತ್ತೇನೆ, ಕೇಳಿಸದವರಿಗೆ ಇನ್ನೊಂದು ಸಲ ಜೋರಾಗಿ ಹೇಳುತ್ತೇನೆ, ಅದಕ್ಕೆ ಪೆನ್ನು ಯಾಕೆ ಬೇಕು. ಆದರೆ ನಾಲ್ಕು ದಿನದಿಂದ ಯಾರ ಮುಂದೆ ಬಾಯಿ ತೆರೆದರೂ ಬರೆದು ಕೊಡಿ ಎನ್ನುತ್ತಾರೆ. ನಮ್ಮೂರ ಕೊರೋನಾ ಕಾರ್ಯಪಡೆಯ ಅನಂತರಾಜು, ನನ್ನ ಕಣ್ಣೆದುರಿಗೇ ಚಡ್ಡಿ ಹಾಕಿಕೊಳ್ಳಲು ಕಲಿತವನು, "ಬಾಯಲ್ಲಿ ಏಳುದ್ರೆ ಆಗಕಿಲ್ಲ ತಾತ, ಬರ್ದು ಕೊಡು" ಎಂದ. ಯಾರಿಗೆ ಬರೆಯಲಿ ಎಂದರೆ, "ಅದು ನಂಗೊತ್ತಿಲ್ಲ, ಬ್ಯಾರಿಕೇಡ್ ಆಕ್ಬುಟ್ಟವ್ರೆ, ನನ್ ಕೈಲೇನೈತೆ" ಎಂದ. ತಮ್ಮ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವ ಹೋಮ್‌ಗಾರ್ಡ್ ಸ್ವಾಮಿಯನ್ನು ಕೇಳಿದರೆ, "ನಂದೇನಿಲ್ಲ ಯಜಮಾನ್ರೆ, ಬ್ಯಾರಿಕೇಡ್ ಐತೆ, ಅದಕ್ಕೆ ನಾನು ಕುಂತಿವ್ನಿ" ಎಂದ. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಹೆಣ್ಣು ದನಿ ಒಂದನ್ನು ಒತ್ತಿ ಎಂದಿತು, ಒತ್ತಿದೆ, ರೇಷ್ಮೆ ಗೂಡು ಮಾರ್ಕೆಟ್ಟಿಗೆ ಸಾಗಿಸುವ ವಿಷಯ ಕೇಳಿದರೆ ನನಗೆ ಕೆಮ್ಮಿದೆಯೇ ಎಂದು ವಿಚಾರಿಸಿತು. ಇಷ್ಟು ಜನರನ್ನು ಕಂಡ ಮೇಲೆ, ಈ ಊರಿನಲ್ಲಿ ಅಧಿಕಾರವೆಂಬುದು ಇರುವುದು ತಮ್ಮೊಬ್ಬರ ಹತ್ತಿರವೇ ಎಂಬುದು ನನ್ನ ದಡ್ಡ ತಲೆಗೂ ಹೊಳೆದು, ಮಧ್ಯದ ಮಂದಿಯನ್ನೆಲ್ಲ ಬಿಟ್ಟು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ತಾವು ಹೋದ ಶನಿವಾರ, ಎಂಟನೇ ತಾರೀಖು, ಟ್ರ್ಯಾಕ್ಟರಿನಲ್ಲಿ ಮಲಗಿಕೊಂಡು ನಮ್ಮೂರಿಗೆ ಬಂದಿರಿ. ಒಂದು ಗಾಲಿ ಇಲ್ಲದ್ದರಿಂದ ತಮ್ಮನ್ನು ಮನೆ ಕಟ್ಟುವ ಒಂದು ಸೈಜುಗಲ್ಲಿಗೆ ಒರಗಿಸಿ ನಿಲ್ಲಿಸಿದರು. ಅಂದಿನಿಂದ ಬಿಸಿಲು ಗಾಳಿ ಎನ್ನದೆ ತಾವು ನಿಂತಿರುವ ರೀತಿಯನ್ನು ನೋಡಿ ನನಗೆ ಗೌರವ ಹುಟ್ಟಿದೆ. ತಾವು ಟೀ ಕುಡಿಯಲು ಹೋಗುವುದಿಲ್ಲ, ಮೀಟಿಂಗಿನಲ್ಲಿದ್ದೇನೆ ಎನ್ನುವುದಿಲ್ಲ, ಕಾರು ಬಂದರೆ ಒಂದು ಮುಖ ಸೈಕಲ್ ಬಂದರೆ ಒಂದು ಮುಖ ಮಾಡುವುದಿಲ್ಲ. ಇರುವುದು ಒಂದೇ ಮುಖ, ಅದರ ಮೇಲೂ ಜಾಹೀರಾತು. ಆ ಜಾಹೀರಾತನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಅಂಗಡಿಯ ಹೆಸರು ಬಿಸಿಲಿಗೆ ಮಾಸಿದೆ, ಮಿಕ್ಕಿರುವುದು ಇಷ್ಟು: ಮದುವೆಗೆ ಶುದ್ಧ ರೇಷ್ಮೆ ಸೀರೆಗಳು, ಒಮ್ಮೆ ಬನ್ನಿ. ಎದೆಯ ಮೇಲೆ ರೇಷ್ಮೆ ಸೀರೆ ಬರೆಸಿಕೊಂಡು ರೇಷ್ಮೆ ಗೂಡಿನ ದಾರಿಗೆ ಅಡ್ಡ ನಿಲ್ಲುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಬನ್ನಿ ಎಂದು ಕರೆಯುವವರೂ ತಾವೇ, ಬರಬೇಡಿ ಎಂದು ತಡೆಯುವವರೂ ತಾವೇ. ಎರಡು ಹುದ್ದೆಯನ್ನು ಒಂದೇ ಕಂಬಿಯ ಮೇಲೆ ನಿಭಾಯಿಸುತ್ತಿದ್ದೀರಿ.

ಇಷ್ಟು ಹೇಳಿದೆನೆಂದು ನನ್ನನ್ನು ತಮ್ಮ ಶತ್ರು ಎಂದುಕೊಳ್ಳಬೇಡಿ. ಅಡ್ಡ ಹಾಕುವ ಕಸುಬಿನಲ್ಲಿ ನಾನು ತಮಗಿಂತ ಹಳಬ. ನಲವತ್ತೈದು ವರ್ಷದಿಂದ ಹುಳು ಸಾಕುತ್ತಿದ್ದೇನೆ. ಹುಳಿನ ಮನೆಗೆ ಮೊಟ್ಟೆ ತರುವ ಮುಂಚೆ ಗೋಡೆ ನೆಲವನ್ನೆಲ್ಲ ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಸುಣ್ಣ ಬಳಿಯುತ್ತೇವೆ. ಬಾಗಿಲಲ್ಲಿ ಔಷಧಿ ನೀರು ಇಟ್ಟು ಕಾಲು ಅದ್ದಿ, ಕೈ ತೊಳೆದು, ಒಳಗಿನ ಚಪ್ಪಲಿ ಬೇರೆ ಹೊರಗಿನ ಚಪ್ಪಲಿ ಬೇರೆ ಮಾಡಿಕೊಂಡು ಹೋಗುತ್ತೇವೆ. ಇಪ್ಪತ್ತಾರು ದಿನ ನೆಂಟರು ಇಷ್ಟರು ಯಾರನ್ನೂ ಒಳಗೆ ಬಿಡುವುದಿಲ್ಲ. ಒಂದು ಹುಳು ಮೈಯೂದಿ ಹಾಲಿನಂತೆ ಒಡೆದರೆ ಕಡ್ಡಿಯಲ್ಲಿ ಎತ್ತಿ ಸುಣ್ಣಕ್ಕೆ ಹಾಕಿ ದೂರ ಹೂಳುತ್ತೇವೆ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ತಟ್ಟೆಯ ಹುಳುವೆಲ್ಲ ಹೋಗುತ್ತದೆ. ಟೀವಿಯಲ್ಲಿ ಕೈ ತೊಳೆಯುವುದನ್ನು ಹೇಳಿಕೊಡುತ್ತಿದ್ದಾಗ ನನ್ನ ಹೆಂಡತಿ ದೊಡ್ಡಲಕ್ಷ್ಮಮ್ಮ, "ಇವ್ರು ಈಗ ಕಲೀತಾವ್ರಾ" ಎಂದು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಎದ್ದು ಹೋದಳು.

ಇಪ್ಪತ್ತು ವರ್ಷದ ಹಿಂದೆ ಅವಳ ತಮ್ಮ, ಕುದೂರಿನ ಕರಿಯಪ್ಪ, ಬಸ್ಸಿಳಿದವನೇ ಸೀದಾ ಹುಳಿನ ಮನೆಗೆ ನುಗ್ಗಲು ಬಂದಾಗ ನಾನು ಬಾಗಿಲಿಗೆ ಕೈ ಅಡ್ಡ ಇಟ್ಟೆ. "ಯಾಕ್ ಭಾವ, ನಾನೇನ್ ಕಳ್ಳನಾ" ಎಂದ. "ಕಾಲ್ ತೊಳ್ಕಂಡು ಬಂದಿದ್ರೆ ಕಳ್ಳನ್ನೂ ಒಳಿಕ್ ಬುಡ್ತಿದ್ದೆ ಕಣ್ಲಾ" ಎಂದೆ. ಮಾಡಿಟ್ಟ ಕಾಫಿ ಕುಡಿಯದೆ ಅದೇ ಬಸ್ಸಿಗೆ ಹಿಂದಿರುಗಿದವನು ಆರು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಆ ಸಲದ ಗೂಡು ಮಾತ್ರ ಬೆಳ್ಳಗೆ, ಗಟ್ಟಿಯಾಗಿ, ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಬಂದಿತ್ತು. ಆದ್ದರಿಂದ ಮಾನ್ಯರೇ, ಅಡ್ಡ ನಿಂತವರಿಗೆ ಆಗುವ ನಿಷ್ಠುರ ಏನೆಂದು ನನಗೆ ಗೊತ್ತು. ತಮ್ಮನ್ನು ಬೈಯುವ ಜನರ ಗುಂಪಿಗೆ ನಾನು ಸೇರಿದವನಲ್ಲ. ಬೈದದ್ದು ನಿಜ, ಭಾನುವಾರ ಮತ್ತು ಸೋಮವಾರ. ಗುಂಪಿಗೆ ಸೇರಿ ಬೈಯಲಿಲ್ಲ, ಒಬ್ಬನೇ ಬಂದು ಬೈದೆ.

ಇಷ್ಟೆಲ್ಲ ತಿಳಿದ ಮನುಷ್ಯ ಏಪ್ರಿಲ್ ಹದಿನೆಂಟನೇ ತಾರೀಖು ಏನು ಮಾಡಿದ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ, ಬೇರೆಯವರು ತರುವ ಮುಂಚೆ. ಅದೇ ಕರಿಯಪ್ಪನ ಮೊಮ್ಮಗಳು ದಿವ್ಯಳ ಮದುವೆಯಾಗಿ ಕುದೂರಿನಲ್ಲಿ ಬೀಗರೂಟ ಇಟ್ಟುಕೊಂಡಿದ್ದರು. ಆಸ್ಪತ್ರೆಗಳು ತುಂಬುತ್ತಿವೆ ಎಂದು ದಿನವೂ ಕೇಳುತ್ತಿದ್ದೆವು. ಹೋಗದಿದ್ದರೆ ಹಳೆಯ ಕಾಫಿಯ ಜಗಳ ಮತ್ತೆ ಏಳುತ್ತದೆ ಎಂದು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಬ್ಬನೇ ಹೊರಟೆ. ಬಾಗಿಲಲ್ಲೇ ನಿಂತಿದ್ದ ಕರಿಯಪ್ಪ ನನ್ನ ಮುಖ ನೋಡಿ, "ನಮ್ಮನೆ ಗಾಳೀನೂ ಆಗಾಕಿಲ್ವಾ ಭಾವ" ಎಂದ. ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡೆ. ಮುನ್ನೂರು ಜನರ ನಡುವೆ ಭುಜಕ್ಕೆ ಭುಜ ತಾಗಿಸಿ ಕೂತು ಮುದ್ದೆ, ಮಟನ್ ಸಾರು ಉಂಡೆ. ಎರಡನೇ ಸಲ ಬಡಿಸಲು ಬಂದವನನ್ನೂ ಬೇಡವೆನ್ನಲಿಲ್ಲ.

ಸಂಜೆ ಊರಿಗೆ ಬಂದವನು ಮೊದಲು ಸ್ನಾನ ಮಾಡಿದೆ, ಬಟ್ಟೆ ಬದಲಾಯಿಸಿದೆ, ಔಷಧಿ ನೀರಿನಲ್ಲಿ ಕಾಲು ಅದ್ದಿದೆ, ಕೈಯನ್ನು ಮೊಣಕೈವರೆಗೆ ಉಜ್ಜಿದೆ, ಆಮೇಲೆ ಹುಳುಗಳಿಗೆ ಸೊಪ್ಪು ಹಾಕಿದೆ. ಹುಳುಗಳ ಕ್ಷೇಮ ಹೀಗೆ ಕಾಪಾಡಿದ ನಂತರ ಎದುರು ಮನೆಯ ಶಿವಲಿಂಗಮ್ಮನ ಜಗುಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಬೀಗರೂಟದ ಸಮಾಚಾರವನ್ನು ಒಂದು ಗಂಟೆ ಹೊತ್ತು ವರದಿ ಮಾಡಿದೆ. ಮಾಸ್ಕ್ ಆ ಹೊತ್ತಿಗೆ ಕೊಳೆ ಬಟ್ಟೆಯ ಜೇಬಿನಲ್ಲಿ ಸುರಕ್ಷಿತವಾಗಿತ್ತು. ಹುಳುಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ.

ಮೂರನೇ ದಿನ ನನಗೆ ಮೈ ಕಾಯಿತು. ಕಡ್ಡಿ ಮೂಗಿಗೆ ಹಾಕಿ ನೋಡಿ ಬಂದಿದೆ ಎಂದರು. ಹಿಪ್ಪುನೇರಳೆ ತೋಟದ ಪಂಪ್‌ಮನೆಯಲ್ಲಿ ಹದಿನಾಲ್ಕು ದಿನ ಮಲಗಿದ್ದೆ. ತೋಟದ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ದೊಡ್ಡಲಕ್ಷ್ಮಮ್ಮ ದಿನಕ್ಕೆ ಎರಡು ಹೊತ್ತು ಮುದ್ದೆ ಸಾರನ್ನು ಆ ಕಲ್ಲಿನ ಮೇಲಿಟ್ಟು, ಕೂಗಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಿದ್ದಳು. ನಾನು ಬಂದು ತೆಗೆದುಕೊಂಡು ಹೋಗುತ್ತಿದ್ದೆ. ನಾನು ಹೋದ ಮೇಲೆ ಅವಳು ಬಂದು ಕಲ್ಲಿಗೆ ಬ್ಲೀಚಿಂಗ್ ನೀರು ಸುರಿಯುತ್ತಿದ್ದಳು. ಆರನೆಯ ದಿನ ಕಲ್ಲಿನವರೆಗೆ ನಡೆದು ಬರಲು ನಾನು ನಡುವೆ ಮೂರು ಸಲ ಕೂತೆ. ಅಷ್ಟು ದೂರದಿಂದ ಅವಳು ನೋಡುತ್ತಾ ನಿಂತಿದ್ದಳು, ಹತ್ತಿರ ಬರಲಿಲ್ಲ. ಈ ಕಾಯಿಲೆ ಸುಳ್ಳು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಅವರಿಗೆ ಬೈಯಲು ನನ್ನ ಹತ್ತಿರ ಬೇರೆ ಮಾತುಗಳಿವೆ, ಕಾಗದದಲ್ಲಿ ಬರೆಯುವಂಥವಲ್ಲ.

ನನ್ನ ಹಿಂದೆಯೇ ಶಿವಲಿಂಗಮ್ಮ ಜ್ವರ ಬಂದು ಮಲಗಿದಳು. ಆಕೆ ಒಬ್ಬಂಟಿ ಹೆಂಗಸು, ಒಂದು ಎಕರೆ ಸೊಪ್ಪು, ಹುಳಿನ ಮೇಲೇ ಜೀವನ. ಮೇ ಒಂದರಂದು ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋಗುವಾಗ ಆಕೆ ತನ್ನ ಬೀಗದ ಕೈಯನ್ನು ಜಗುಲಿಯ ಮೇಲಿಟ್ಟು, "ಅಕ್ಕ, ಹುಳ ನೋಡ್ಕೊ" ಎಂದು ನನ್ನ ಹೆಂಡತಿಗೆ ಹೇಳಿ ಹೋದಳಂತೆ. ಗಂಡ ಪಂಪ್‌ಮನೆಯಲ್ಲಿ, ಎದುರು ಮನೆಯವಳು ಆಸ್ಪತ್ರೆಯಲ್ಲಿ, ಎರಡು ಮನೆಯ ಹುಳುಗಳಿಗೂ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ಬೆಳೆದು ಹಣ್ಣಾದ ಹುಳುಗಳನ್ನೆಲ್ಲ ಮೇ ನಾಲ್ಕರಂದು ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬಿಟ್ಟು ಗೂಡು ಕಟ್ಟಿಸಿದವಳು ದೊಡ್ಡಲಕ್ಷ್ಮಮ್ಮ. ಆಮೇಲೆ ಇನ್ನೂ ಆರು ಮನೆಗೆ ಕಾಯಿಲೆ ಹಬ್ಬಿ, ತಾವು ಟ್ರ್ಯಾಕ್ಟರಿನಲ್ಲಿ ಬಂದಿರಿ. ಅಂದರೆ ತಮ್ಮನ್ನು ಈ ಊರಿಗೆ ಕರೆಸಿದವನು ನಾನೇ. ಬೀಗರೂಟಕ್ಕೆ ಹೋಗಿ ಕರೆದು ಬಂದೆ.

ಹಾಗಾಗಿ ತಮ್ಮನ್ನು ತೆಗೆದು ಎಸೆಯಿರಿ ಎಂದು ನಾನು ಕೇಳುತ್ತಿಲ್ಲ. ನಿಲ್ಲಿ. ಇಪ್ಪತ್ತೆರಡನೇ ತಾರೀಖಿನವರೆಗೆ, ಹೇಳಿದ ಹಾಗೆ ಹದಿನಾಲ್ಕು ದಿನ ನಿಲ್ಲಿ. ನನ್ನ ತಕರಾರು ಗೂಡಿನೊಳಗೆ ಕೂತಿರುವವರ ಬಗ್ಗೆ. ಅವರೂ ಹದಿನಾಲ್ಕು ದಿನದ ನಿಯಮ ಪಾಲಿಸುವವರೇ. ಸ್ವಂತ ಎಂಜಲಿನಲ್ಲಿ ಮನೆ ಕಟ್ಟಿಕೊಂಡು, ಒಳಗಿನಿಂದ ಮುಚ್ಚಿಕೊಂಡು, ಊಟ ಕೇಳದೆ, ನೆಂಟರನ್ನು ಕರೆಯದೆ, ಮೈಪೂರ್ತಿ ಮಾಸ್ಕ್ ಸುತ್ತಿಕೊಂಡು ಕೂತಿದ್ದಾರೆ. ಜಿಲ್ಲೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಮನೆಯೊಳಗೆ ಉಳಿದ ಜೀವ ಬೇರೆ ಯಾವುದೂ ಇಲ್ಲ. ತೊಂದರೆ ಏನೆಂದರೆ ಅವರು ಕೂತದ್ದು ನಾಲ್ಕನೇ ತಾರೀಖು, ತಾವು ನಿಂತದ್ದು ಎಂಟನೇ ತಾರೀಖು. ಹದಿನೆಂಟಕ್ಕೆ ಅವರ ಹದಿನಾಲ್ಕು ದಿನ ಮುಗಿಯುತ್ತದೆ, ಚಿಟ್ಟೆಯಾಗಿ ಗೂಡಿಗೆ ತೂತು ಹಾಕಿ ಹೊರಗೆ ಬರುತ್ತಾರೆ. ತೂತು ಬಿದ್ದ ಗೂಡಿನಿಂದ ನೂಲು ಒಂದೇ ಎಳೆಯಾಗಿ ಬಿಚ್ಚುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಗೂಡು ಬಿಡಿಸಿ ಚೀಲಕ್ಕೆ ತುಂಬಿ ಮೂರು ದಿನವಾಯಿತು. ರಾಮನಗರದ ಗೂಡಿನ ಮಾರ್ಕೆಟ್ಟು ತೆರೆದೇ ಇದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ತಾವಿದ್ದೀರಿ.

ತಾವು ಯಾರಿಗೂ ಜಗ್ಗುವುದಿಲ್ಲ ಎಂದಿದ್ದರೂ ಸುಮ್ಮನಿರುತ್ತಿದ್ದೆ. ಬೆಳಿಗ್ಗೆ ಸಂಜೆ ಹಾಲಿನ ಗಾಡಿ ಬಂದಾಗ ಸ್ವಾಮಿ ತಮ್ಮ ಕುತ್ತಿಗೆ ಹಿಡಿದು ಪಕ್ಕಕ್ಕೆ ತಿರುಗಿಸುತ್ತಾನೆ, ತಾವು ಕಿರ್ರೆಂದು ತಿರುಗುತ್ತೀರಿ, ಹಾಲು ಹೋಗುತ್ತದೆ. ಅದನ್ನು ಕೇಳಿದ್ದಕ್ಕೆ ಅನಂತರಾಜು, "ಆಲು ಪಟ್ಟೀಲೈತೆ ತಾತ, ಗೂಡು ಪಟ್ಟೀಲಿಲ್ಲ" ಎಂದ. ಪಟ್ಟಿ ಎಲ್ಲಿದೆ ಎಂದರೆ ಫೋನಿನಲ್ಲಿದೆ ಎಂದ. ಫೋನು ತೋರಿಸು ಎಂದರೆ ಚಾರ್ಜಿಲ್ಲ ಎಂದ. ಮಗುವಿನ ಹಾಲು ನಿಲ್ಲಿಸಿ ಎಂದು ನಾನು ಹೇಳಲಾರೆ. ಹಾಲಿಗೆ ಆಗುವ ತಿರುವು ಗೂಡಿಗೆ ಯಾಕಾಗುವುದಿಲ್ಲ ಎಂದಷ್ಟೇ ಕೇಳುತ್ತೇನೆ. ತಮ್ಮ ಕೀಲಿಗೆ ಎಣ್ಣೆ ಬೇಕಿದ್ದರೆ ನಾನೇ ತಂದು ಹಾಕುತ್ತೇನೆ.

ಅದೂ ಆಗದು ಎನ್ನುವುದಾದರೆ ತಮ್ಮ ಘನತೆಗೆ ತಕ್ಕ ಕೆಲವು ಬೇರೆ ಉಪಾಯಗಳಿವೆ. ತಾವೇ ಒಂದು ನೋಟಿಸು ಹೊರಡಿಸಿ ಎರಡೂ ಮನೆಯ ಗೂಡುಗಳ ಮೇಲೆ ಅಂಟಿಸಬಹುದು, ಒಳಗಿರುವ ಹುಳುಗಳು ಇನ್ನು ನಾಲ್ಕು ದಿನ ಬೆಳೆಯುವುದನ್ನು ನಿಲ್ಲಿಸತಕ್ಕದ್ದು ಎಂದು. ಓದಿ ಹೇಳುವ ಕೆಲಸ ನನ್ನದು. ಇಲ್ಲವೇ ಹದಿನೆಂಟರ ಬೆಳಿಗ್ಗೆ ಇರುವ ಒಂದು ಗಾಲಿಯಲ್ಲೇ ಕುಂಟಿಕೊಂಡು ನಮ್ಮ ಹಟ್ಟಿಗೆ ಬಂದು, ಒಂದೊಂದು ಗೂಡಿನ ಬಾಯಿಗೂ ಒಂದೊಂದು ಸಣ್ಣ ಬ್ಯಾರಿಕೇಡ್ ಆಗಿ ನಿಲ್ಲಬಹುದು. ಚಂದ್ರಿಕೆಗೆ ಸಾವಿರ ಗೂಡಿನ ಹಾಗೆ ಮೂವತ್ತು ಚಂದ್ರಿಕೆ. ತಮ್ಮ ಬಂಧುಬಳಗ ಸಾಲದಿದ್ದರೆ ಪಕ್ಕದ ತಾಲೂಕಿನಿಂದ ಕರೆಸಿ, ಊಟದ ವ್ಯವಸ್ಥೆ ನಾನು ಮಾಡುತ್ತೇನೆ, ಬೀಗರೂಟದ ಅನುಭವವಿದೆ. ಅದೂ ಬೇಡವಾದರೆ ಮೇ ತಿಂಗಳ ಬಿಸಿಲನ್ನು ಒಂದು ವಾರ ಮುಂದಕ್ಕೆ ಹಾಕಿಸಿ, ಶಾಖ ಹೆಚ್ಚಾದಷ್ಟೂ ಚಿಟ್ಟೆ ಬೇಗ ಬರುತ್ತದೆ.

ಊರಾಚೆ ಬಾಬಾಜಾನ್ ಕಾಯುತ್ತಿದ್ದಾನೆ. ರಾಮನಗರದವನು, ಇಪ್ಪತ್ತು ವರ್ಷದಿಂದ ನಮ್ಮೂರ ಗೂಡನ್ನು ಟೆಂಪೋದಲ್ಲಿ ಮಾರ್ಕೆಟ್ಟಿಗೆ ಸಾಗಿಸುವವನು. ಅವನ ಹೆಂಡತಿ ಶರ್ಫುನ್ನೀಸಾ ನೂಲು ತೆಗೆಯುವ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಕೆಲಸ ಮಾಡುತ್ತಾಳೆ. ಹಳ್ಳಿ ಹಳ್ಳಿಗೆ ತಮ್ಮಂಥವರು ಬಂದು ನಿಂತ ಮೇಲೆ ಗೂಡು ಸಾಲದೆ ಅವಳ ತೊಟ್ಟಿ ಐದು ದಿನದಿಂದ ತಣ್ಣಗಿದೆ. ನಿನ್ನೆ ಫೋನಿನಲ್ಲಿ ಬಾಬಾಜಾನ್, "ಯಜಮಾನ್ರೆ, ನಾನ್ ಊರೊಳಿಕ್ ಬರಾಕಿಲ್ಲ, ನೀವೂ ಈಚೀಗ್ ಬರ್ಬ್ಯಾಡಿ, ಚೀಲ ಒಂದು ಬರ್ಲಿ" ಎಂದ. ಹಿಂದಿನಿಂದ ಶರ್ಫುನ್ನೀಸಾ, "ಚೀಲುಕ್ಕೂ ಜ್ವರ ಬಂದೈತಾ ಕೇಳಿ" ಎಂದದ್ದು ನನಗೂ ಕೇಳಿಸಿತು. ನಾಲ್ಕನೇ ಕ್ಲಾಸು ಓದಿದ ನನಗೆ ಇವರಿಬ್ಬರ ಮಾತು ಅರ್ಥವಾಯಿತು. ಓದಿದವರಿಗೆ ಬರೆದು ಕೊಡಬೇಕಂತೆ.

ಹುಳಿನ ಮನೆಯಲ್ಲಿ ನಾನು ಕಲಿತದ್ದು ಒಂದಿದೆ, ತಮಗೆ ಉಪಯೋಗಕ್ಕೆ ಬರಬಹುದು. ಬಾಗಿಲು ಹಾಕಿದವನು ಸೊಪ್ಪು ಹಾಕುವುದನ್ನು ಮರೆಯುವ ಹಾಗಿಲ್ಲ. ಬಾಗಿಲು ಹಾಕಿ, ಸುಣ್ಣ ಎರಚಿ, ಸೊಪ್ಪು ಮರೆತು ಹೋದರೆ ಹುಳು ರೋಗ ಬರದೆಯೇ ಸಾಯುತ್ತದೆ. ಆಮೇಲೆ ಒಂದಕ್ಕೂ ರೋಗ ತಗುಲಲಿಲ್ಲ ನೋಡಿ ಎಂದು ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಬರೆದುಕೊಂಡವನಿಗೆ ಶಹಬ್ಬಾಸ್‌ಗಿರಿಯೂ ಸಿಗಬಹುದು. ಗೂಡು ಮಾತ್ರ ಸಿಗುವುದಿಲ್ಲ.

ನಾನು ಕೇಳುವುದು ಇಷ್ಟೇ. ನಮ್ಮ ತೋಟದ ಅಂಚಿನ ಆ ಚಪ್ಪಟೆ ಕಲ್ಲನ್ನು ಕೀಳಿಸಿ ತಂದು ತಮ್ಮ ಕಾಲ ಬುಡದಲ್ಲಿ ಹಾಕುತ್ತೇನೆ. ಚೀಲಗಳನ್ನು ಅದರ ಮೇಲಿಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಬಂದು ನಿಲ್ಲುತ್ತೇವೆ. ಬಾಬಾಜಾನ್ ಬಂದು ಎತ್ತಿಕೊಂಡು ಹೋಗುತ್ತಾನೆ. ಅವನು ಹೋದ ಮೇಲೆ ದೊಡ್ಡಲಕ್ಷ್ಮಮ್ಮ ಬಂದು ಕಲ್ಲಿಗೆ ಬ್ಲೀಚಿಂಗ್ ನೀರು ಸುರಿಯುತ್ತಾಳೆ. ಒಬ್ಬರ ಉಸಿರು ಒಬ್ಬರಿಗೆ ತಾಗುವುದಿಲ್ಲ. ಈ ಪದ್ಧತಿಯಲ್ಲಿ ಹದಿನಾಲ್ಕು ದಿನ ಮುದ್ದೆ ದಾಟಿದೆ, ನಾನು ಬದುಕಿದ್ದೇನೆ, ಅವಳಿಗೆ ತಗುಲಿಲ್ಲ. ಇದಕ್ಕಿಂತ ದೊಡ್ಡ ಪುರಾವೆ ನನ್ನ ಹತ್ತಿರ ಇಲ್ಲ, ತಮ್ಮ ಹತ್ತಿರವೂ ಇದ್ದಂತೆ ಕಾಣೆ. ಮೊದಲು ಶಿವಲಿಂಗಮ್ಮನ ಚೀಲ ಹೋಗಲಿ. ಜಾಗ ಮಿಕ್ಕಿದರೆ ನನ್ನದು.

ಶಿವಲಿಂಗಮ್ಮ ಮೊನ್ನೆ ಆಸ್ಪತ್ರೆಯಿಂದ ಫೋನು ಮಾಡಿದ್ದಳು. ಎರಡು ಮಾತಿಗೆ ಒಂದು ಸಲ ಉಸಿರು ಎಳೆದುಕೊಂಡು, "ಅಣ್ಣ, ಗೂಡು ಎಷ್ಟುಕ್ ಓಯ್ತು" ಎಂದು ಕೇಳಿದಳು. ನನ್ನ ಜನ್ಮದಲ್ಲಿ ಒಬ್ಬರ ಮಾತಿಗೆ ಉತ್ತರ ಕೊಡದೆ ಇದ್ದವನಲ್ಲ. ನೆಟ್‌ವರ್ಕ್ ಇಲ್ಲ ಎಂದು ಹೇಳಿ ಫೋನು ಇಟ್ಟುಬಿಟ್ಟೆ. ನೆಟ್‌ವರ್ಕ್ ಇತ್ತು. ಶನಿವಾರ ಆಕೆಯನ್ನು ಮನೆಗೆ ಕಳಿಸುತ್ತಾರಂತೆ. ಗಾಡಿ ತಮ್ಮ ಮುಂದೆಯೇ ನಿಲ್ಲಬೇಕು, ಸ್ವಾಮಿ ತಮ್ಮನ್ನು ತಿರುಗಿಸುವವರೆಗೆ ಆಕೆ ಒಳಗೆ ಕೂತಿರಬೇಕು, ನಾನು ಇಪ್ಪತ್ತು ಹೆಜ್ಜೆ ಈಚೆ ನಿಂತಿರುತ್ತೇನೆ. ಆಕೆ ಅದನ್ನೇ ಕೇಳುತ್ತಾಳೆ. ಆಗ ಹೇಳುವುದಕ್ಕೆ ನನಗೊಂದು ಉತ್ತರ ಬೇಕು.

ಈ ಕಾಗದದ ಒಂದು ಪ್ರತಿಯನ್ನು ತಮ್ಮ ಮೈಮೇಲೆ, ರೇಷ್ಮೆ ಸೀರೆಯ ಪಕ್ಕದಲ್ಲೇ, ಹಾಲಿನ ಗಾಡಿಯಲ್ಲಿ ಬಂದವರಿಗೆಲ್ಲ ಕಾಣುವ ಹಾಗೆ ಅಂಟಿಸಿದ್ದೇನೆ. ತಪ್ಪು ಅಕ್ಷರಗಳಿದ್ದರೆ ನಮ್ಮ ಮೇಷ್ಟರನ್ನು ಕೇಳಿ, ಕಿವಿ ಹಿಂಡಿದವರು ಅವರು.

ಇಂತಿ, ಈಚೆ ದಡದಿಂದ
ತಮ್ಮ ವಿಶ್ವಾಸಿ,
ಗಂಗಹನುಮಯ್ಯ
(ರುಜು ನನ್ನದೇ, ಹೆಬ್ಬೆಟ್ಟಲ್ಲ)

ಮರೆತ ಮಾತು: ತಾವು ಉತ್ತರ ಕೊಡದಿದ್ದರೆ ಹದಿನೆಂಟನೇ ತಾರೀಖು ಮಂಗಳವಾರ ಹುಟ್ಟುವ ಚಿಟ್ಟೆಗಳನ್ನೆಲ್ಲ ಮೊರದಲ್ಲಿ ತಂದು ತಮ್ಮ ಕಂಬಿಗಳ ಮೇಲೆ ಸಾಲಾಗಿ ಕೂರಿಸುತ್ತೇನೆ. ಅವು ಏನೂ ತಿನ್ನುವುದಿಲ್ಲ, ರೆಕ್ಕೆಯಿದ್ದರೂ ಹಾರುವುದಿಲ್ಲ, ಕೂರಿಸಿದ ಜಾಗದಲ್ಲೇ ಕೂತು ಮೊಟ್ಟೆಯಿಟ್ಟು ಕೆಲಸ ಮುಗಿಯಿತೆಂದು ಸಾಯುತ್ತವೆ. ತಮ್ಮ ಕಚೇರಿಗೆ ಇಷ್ಟು ಒಪ್ಪುವ ಸಿಬ್ಬಂದಿ ಬೇರೆ ಎಲ್ಲೂ ಸಿಗುವುದಿಲ್ಲ. ಉತ್ತರ ಹದಿನೈದನೇ ತಾರೀಖು ಶನಿವಾರ ಬೆಳಿಗ್ಗೆ ಆರು ಗಂಟೆಯೊಳಗೆ ಬರಬೇಕು.